ಡೆನಿಸ್ ಲಾ ನಿಜಕ್ಕೂ ಯುನೈಟೆಡ್ ತಂಡವನ್ನು ಮುಳುಗಿಸಿದರಾ?

ಪ್ರಶ್ನೆ: ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿ. ಆಫೀಸಿನಲ್ಲಿ, ಅದೇ ಊರಿನ ಇನ್ನೊಂದು ತಂಡವಾದ ಮ್ಯಾಂಚೆಸ್ಟರ್ ಸಿಟಿ ಕಡೆಯ ಗೆಳೆಯನೊಬ್ಬ ಸದಾ ಕೆಣಕುತ್ತಾನೆ. ‘ನಿಮ್ಮ ತಂಡವನ್ನು ಕೆಳಗಿನ ಹಂತವಾದ ಎರಡನೇ ಡಿವಿಷನ್‌ಗೆ ತಳ್ಳಿದ್ದು ನಿಮ್ಮವನೇ ಆದ ಡೆನಿಸ್ ಲಾ, ಅದೂ ಹಿಮ್ಮಡಿಯಲ್ಲಿ ಒದ್ದು’ ಅಂತಾನೆ. ಇದು ನಿಜವಾ? ನಿಜವಾದರೆ ಅವರ ಪ್ರತಿಮೆ ನಮ್ಮ ಮೈದಾನ ಓಲ್ಡ್ ಟ್ರಾಫರ್ಡ್ ಮುಂದೆ ಯಾಕಿದೆ? ಇನ್ನೊಂದು ಸಣ್ಣ ಪ್ರಶ್ನೆ. ಸ್ಕಾಟ್ಲೆಂಡ್ ಪರ ಲಾ ಮತ್ತು ಕೆನ್ನಿ ಡಾಲ್ಗ್ಲಿಷ್ ಇಬ್ಬರೂ 30 ಗೋಲು ಹೊಡೆದಿದ್ದಾರೆ. ಇಬ್ಬರಲ್ಲಿ ದೊಡ್ಡ ಗೋಲುಗಾರ ಯಾರು?

ಉತ್ತರ: ಹನ್ನೊಂದು ವರ್ಷ ಯುನೈಟೆಡ್‌ಗೆ ಆಡಿದ ಲಾ ಆ ಹೊತ್ತಿಗೆ ಸಿಟಿ ತಂಡದಲ್ಲಿದ್ದರು. ಗೋಲು ಹೊಡೆದದ್ದು ನಿಜ. ಹಿಮ್ಮಡಿಯಲ್ಲಿ ಹೊಡೆದದ್ದೂ ನಿಜ. ಅದರಿಂದ ಯುನೈಟೆಡ್ ಕೆಳಗಿಳಿಯಿತು ಅನ್ನೋದು ಮಾತ್ರ ಸುಳ್ಳು. ಇದಕ್ಕೆ ವಾದ ಬೇಡ, ಕೂಡುವ ಲೆಕ್ಕ ಬಂದರೆ ಸಾಕು.

ಆ ಪಂದ್ಯ ನಡೆದದ್ದು 1974ರ ಏಪ್ರಿಲ್ 27ರಂದು, ಓಲ್ಡ್ ಟ್ರಾಫರ್ಡ್‌ನಲ್ಲಿ. ಆಗ ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಬೆಳಿಗ್ಗೆ ಯುನೈಟೆಡ್ ಬಳಿ ಇದ್ದದ್ದು 32 ಅಂಕ, ಉಳಿದದ್ದು ಎರಡು ಪಂದ್ಯ. ಎರಡನ್ನೂ ಗೆದ್ದಿದ್ದರೂ 36 ಆಗುತ್ತಿತ್ತು. ಅದೇ ಮಧ್ಯಾಹ್ನ ಬರ್ಮಿಂಗ್‌ಹ್ಯಾಮ್ ತಂಡ ನಾರ್ವಿಚ್ ವಿರುದ್ಧ 2-1ರಿಂದ ಗೆದ್ದು 37 ಅಂಕ ಮುಟ್ಟಿ ಪಾರಾಯಿತು. ಸೌತಾಂಪ್ಟನ್ 36ಕ್ಕೆ ನಿಂತಿತು. ಆ ವರ್ಷದಿಂದಲೇ ಕೊನೆಯ ಎರಡರ ಬದಲು ಮೂರು ತಂಡಗಳನ್ನು ಕೆಳಗಿಳಿಸುವ ನಿಯಮ ಬಂದಿತ್ತು. ಹಾಗಾಗಿ 36 ಅಂಕ ತೆಗೆದ ಸೌತಾಂಪ್ಟನ್ ಕೂಡ ಇಳಿಯಿತು. ಯುನೈಟೆಡ್ ಸಿಟಿಯನ್ನು ಐದು ಗೋಲಿನಿಂದ ಸೋಲಿಸಿದ್ದರೂ ಬಚಾವಾಗುವ ದಾರಿ ಇರಲಿಲ್ಲ. ಲಾ ಅವತ್ತು ಮೈದಾನಕ್ಕೇ ಬಾರದೆ ಮನೆಯಲ್ಲಿ ಕೂತಿದ್ದರೂ ಆಗುವುದು ಆಗೇ ಆಗುತ್ತಿತ್ತು.

ಹಾಗಾದರೆ ಈ ಕಥೆ ಇಷ್ಟು ಗಟ್ಟಿಯಾಗಿ ಉಳಿದದ್ದು ಹೇಗೆ? ಆ ಕ್ಷಣ ಹಾಗಿತ್ತು. ಆಟ ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ, ಸ್ಕೋರು 0-0. ಸಿಟಿಯ ಫ್ರಾನ್ಸಿಸ್ ಲೀ ಪೆನಾಲ್ಟಿ ಚೌಕದ ಒಳಗೆ ಚೆಂಡು ಕಳಿಸಿದರು. ಲಾ ನಿಂತಿದ್ದದ್ದು ಗೋಲಿಗೆ ಬೆನ್ನು ಹಾಕಿ. ತಿರುಗಲು ಜಾಗವಿಲ್ಲ, ಹೊತ್ತೂ ಇಲ್ಲ. ಬಲಗಾಲಿನ ಹಿಮ್ಮಡಿಯಿಂದ ಚೆಂಡನ್ನು ಸುಮ್ನೆ ಹಿಂದಕ್ಕೆ ತಟ್ಟಿದರು. ಗೋಲ್‌ಕೀಪರ್ ಅಲೆಕ್ಸ್ ಸ್ಟೆಪ್ನಿ ನೋಡುತ್ತಿದ್ದಂತೆ ಅದು ಗೆರೆ ದಾಟಿತು. ಅದರ ವಿಡಿಯೊ ಸಿಕ್ಕರೆ ಚೆಂಡನ್ನು ಬಿಟ್ಟು ಲಾ ಅವರ ಕೈ ನೋಡಿ. ಗೋಲು ಹೊಡೆದ ತಕ್ಷಣ ಅಂಗಿಯ ತೋಳಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಒಂದು ಕೈ ಮೇಲೆತ್ತುವುದು ಅವರ ಹಳೆಯ ಚಾಳಿ. ಇಡೀ ಇಂಗ್ಲೆಂಡಿನ ಹುಡುಗರು ಅದನ್ನು ನಕಲು ಮಾಡುತ್ತಿದ್ದರು. ಅವತ್ತು ಆ ಕೈ ಮೇಲೇಳಲಿಲ್ಲ. ಜೊತೆಗಾರರು ಬಂದು ಬೆನ್ನು ತಟ್ಟಿದರೂ ಲಾ ತಲೆ ತಗ್ಗಿಸಿಕೊಂಡು ನಡೆದರು. ಕೂಡಲೇ ಬದಲಿ ಆಟಗಾರನನ್ನು ಇಳಿಸಿ ಅವರನ್ನು ಹೊರಗೆ ಕರೆಸಿಕೊಂಡರು. ಲೀಗ್ ಪಂದ್ಯದಲ್ಲಿ ಅದೇ ಅವರ ಕೊನೆಯ ಒದೆತ.

ಆಮೇಲೆ ಜನ ಮೈದಾನಕ್ಕೆ ನುಗ್ಗಿದರು. ಯುನೈಟೆಡ್‌ನ ಹಿಂದಿನ ಮ್ಯಾನೇಜರ್ ಮ್ಯಾಟ್ ಬಸ್ಬಿ ಧ್ವನಿವರ್ಧಕದಲ್ಲಿ ಕೇಳಿಕೊಂಡರೂ ಗಲಾಟೆ ನಿಲ್ಲಲಿಲ್ಲ. ರೆಫರಿ ಆಟವನ್ನು ಅಲ್ಲಿಗೇ ನಿಲ್ಲಿಸಿದರು. ಲೀಗ್ ಆಡಳಿತ ಕೊನೆಗೆ 1-0 ಫಲಿತಾಂಶವನ್ನೇ ಉಳಿಸಿಕೊಂಡಿತು. ಬೇರೆ ಊರಿನ ಫಲಿತಾಂಶ ಆ ಹೊತ್ತಿಗೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಕಣ್ಣ ಮುಂದೆ ಕಂಡದ್ದು ಒಂದೇ: ತಮ್ಮ ರಾಜ ಅಂತ ಹನ್ನೊಂದು ವರ್ಷ ಕೂಗಿದ ಮನುಷ್ಯ, ತಿಳಿನೀಲಿ ಅಂಗಿ ತೊಟ್ಟು, ತಮ್ಮ ಗೋಲಿಗೇ ಚೆಂಡು ಒದ್ದ. ಇಂಥ ಚಿತ್ರದ ಮುಂದೆ ಅಂಕಪಟ್ಟಿಯ ಮಾತನ್ನು ಯಾರು ಕೇಳುತ್ತಾರೆ?

ಯುನೈಟೆಡ್ ಮುಳುಗಿದ ನಿಜವಾದ ಕಾರಣ ಬೇಕಾದರೆ ಆ ಇಡೀ ವರ್ಷ ನೋಡಬೇಕು. 42 ಪಂದ್ಯದಲ್ಲಿ ಹೊಡೆದದ್ದು 38 ಗೋಲು. ವರ್ಷದ ಮೊದಲರ್ಧದಲ್ಲಿ ಪೆನಾಲ್ಟಿ ಒದೆಯುವ ಕೆಲಸವನ್ನೂ ಗೋಲ್‌ಕೀಪರ್ ಸ್ಟೆಪ್ನಿಗೇ ಕೊಟ್ಟಿದ್ದರು. ಎರಡು ಪೆನಾಲ್ಟಿ ಹಾಕಿದ ಆತ, ಕ್ರಿಸ್‌ಮಸ್ ಹೊತ್ತಿಗೆ ತಂಡದಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಸಾಲಿನಲ್ಲಿದ್ದ! ಗೋಲ್‌ಕೀಪರೇ ಮೊದಲ ಗೋಲುಗಾರನಾದ ತಂಡವನ್ನು ಬೇರೆಯವರು ಬಂದು ಮುಳುಗಿಸಬೇಕಾ?

ಲಾ ಸಿಟಿಗೆ ಹೋದದ್ದಾದರೂ ಯಾಕೆ? ಯುನೈಟೆಡ್ ಬಿಟ್ಟುಕೊಟ್ಟದ್ದರಿಂದ. ಆಗಿನ ಮ್ಯಾನೇಜರ್ ಟಾಮಿ ಡಾಕರ್ಟಿ ಕೂಡ ಸ್ಕಾಟ್ಲೆಂಡಿನವರೇ. ಅವರಿಗೆ ಆ ಕೆಲಸ ಕೊಡಿ ಅಂತ ಬಸ್ಬಿಗೆ ಹೇಳಿದವರಲ್ಲಿ ಲಾ ಕೂಡ ಒಬ್ಬರು. 1973ರ ಬೇಸಿಗೆಯಲ್ಲಿ ಅದೇ ಡಾಕರ್ಟಿ ಲಾ ಅವರನ್ನು ಹಣವಿಲ್ಲದೆ ಬಿಡುಗಡೆ ಮಾಡಿದರು. ಲಾ ಹೇಳಿಕೊಂಡ ಪ್ರಕಾರ, ಅವರಿಗೆ ಆ ಸುದ್ದಿ ಗೊತ್ತಾಗಿದ್ದು ಊರಿನಲ್ಲಿ ಗೆಳೆಯರ ಜೊತೆ ಕೂತು ಟಿವಿ ನೋಡುವಾಗ. ವಯಸ್ಸು 33, ಮೊಣಕಾಲು ಕೈಕೊಟ್ಟಿತ್ತು, ಸಂಸಾರ ಮ್ಯಾಂಚೆಸ್ಟರಿನಲ್ಲಿ. ಊರು ಬಿಡದೆ ಇನ್ನೊಂದು ವರ್ಷ ಆಡಲು ಸಿಟಿ ಕರೆಯಿತು, ಹೋದರು. ಇದನ್ನು ದ್ರೋಹ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಗೆಳೆಯನಿಗೆ ಬಹುಶಃ ಗೊತ್ತಿಲ್ಲದ ಇನ್ನೊಂದು ಪಂದ್ಯ. 1963ರ ಮೇ ತಿಂಗಳು, ಸಿಟಿಯ ಮೈದಾನ ಮೇಯ್ನ್ ರೋಡ್. ಆ ವರ್ಷ ಎರಡೂ ಮ್ಯಾಂಚೆಸ್ಟರ್ ತಂಡಗಳು ಪಟ್ಟಿಯ ತಳದಲ್ಲಿ ಒದ್ದಾಡುತ್ತಿದ್ದವು. ಸಿಟಿ 1-0ರಿಂದ ಮುಂದಿತ್ತು, ಆಟ ಕೊನೆಗೆ ಬಂದಿತ್ತು. ಗೋಲಿನಿಂದ ದೂರ ಹೋಗುತ್ತಿದ್ದ ಒಂದು ಚೆಂಡಿನ ಹಿಂದೆ ಲಾ ಓಡಿದರು. ಸಿಟಿಯ ಗೋಲ್‌ಕೀಪರ್ ಹ್ಯಾರಿ ಡೌಡ್ ಅವರನ್ನು ಕೆಡವಿದರು. ಪೆನಾಲ್ಟಿ. ಆಲ್ಬರ್ಟ್ ಕ್ವಿಕ್ಸಾಲ್ ಗೋಲು ಹೊಡೆದು ಪಂದ್ಯ ಡ್ರಾ ಮಾಡಿದರು. ಮುಂದಿನ ಪಂದ್ಯದಲ್ಲಿ ಸಿಟಿ ವೆಸ್ಟ್ ಹ್ಯಾಮ್ ಎದುರು 6-1ರಿಂದ ಸೋತು ಎರಡನೇ ಡಿವಿಷನ್‌ಗೆ ಇಳಿಯಿತು. ಯುನೈಟೆಡ್ 19ನೇ ಸ್ಥಾನದಲ್ಲಿ ಉಸಿರು ಉಳಿಸಿಕೊಂಡಿತು. ಲಾ ಯಾವುದಾದರೂ ತಂಡವನ್ನು ಕೆಳಕ್ಕೆ ತಳ್ಳಲು ಕೈಹಾಕಿದ್ದರೆ ಅದು ಸಿಟಿಯನ್ನು. ಗಾಯ ಮಾಡಿದ ಆ ಓಟ ಯಾರಿಗೂ ನೆನಪಿಲ್ಲ, ಏನೂ ಮಾಡದ ಹಿಮ್ಮಡಿ ಎಲ್ಲರಿಗೂ ನೆನಪಿದೆ. ಇಪ್ಪತ್ತು ವರ್ಷ ಹತ್ತಿರದ ಆಟದ ಬದುಕು ಆ ಒಂದು ಒದೆತದ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಹಾಗಾಗಿ ಪ್ರತಿಮೆಯ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹಿಂದಿನಿಂದ ಹೇಳಬೇಕು.

ಲಾ ಹುಟ್ಟಿದ್ದು 1940ರ ಫೆಬ್ರವರಿ 24ರಂದು, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಅಪ್ಪ ಜಾರ್ಜ್ ಸಮುದ್ರಕ್ಕೆ ಹೋಗುವ ಮೀನುಗಾರ. ಏಳು ಮಕ್ಕಳಲ್ಲಿ ಇವರೇ ಕೊನೆ. ಬಡತನದ ಮನೆ. ಓದಿನಲ್ಲಿ ಚುರುಕಾಗಿದ್ದ ಹುಡುಗನಿಗೆ ಊರಿನ ಹೆಸರಾಂತ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು. ಅಲ್ಲಿ ಫುಟ್‌ಬಾಲ್ ಇಲ್ಲ, ರಗ್ಬಿ ಆಡಬೇಕು ಅಂತ ಗೊತ್ತಾದದ್ದೇ ಬೇರೆ ಶಾಲೆಗೆ ಹೋದ. ಒಂದು ಕಣ್ಣು ಮೆಳ್ಳೆಗಣ್ಣು. ಆಡುವಾಗ ಕನ್ನಡಕ ಹಾಕುವಂತಿಲ್ಲ. ಆ ಕಣ್ಣನ್ನು ಮುಚ್ಚಿಕೊಂಡು ಒಂದೇ ಕಣ್ಣಿನಲ್ಲಿ ಆಡುತ್ತಿದ್ದ. ಒಂದು ಕಣ್ಣು ಮುಚ್ಚಿಕೊಂಡು ಯಾರಾದರೂ ಎಸೆದ ಚೆಂಡು ಹಿಡಿಯಲು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಈತ ಹಾಗೆಯೇ ಗೋಲು ಹೊಡೆಯುತ್ತಿದ್ದ.

1955ರಲ್ಲಿ ಹದಿನೈದರ ಹುಡುಗ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್‌ಗೆ ಬಂದ. ಕಡ್ಡಿಯಂಥ ಮೈ, ಮೂಗಿನ ಮೇಲೆ ಕನ್ನಡಕ. ಮ್ಯಾನೇಜರ್ ಆಂಡಿ ಬೀಟಿಗೆ ಮೊದಲ ನೋಟಕ್ಕೆ ಈತ ಆಟಗಾರ ಅಂತಲೇ ಅನಿಸಲಿಲ್ಲ. ಕ್ಲಬ್ಬಿನಲ್ಲಿದ್ದಾಗಲೇ ಕಣ್ಣಿನ ಆಪರೇಷನ್ ಆಯಿತು. ಎರಡೂ ಕಣ್ಣು ತೆರೆದು ಮೈದಾನಕ್ಕಿಳಿದ ಹುಡುಗನ ಧೈರ್ಯವೇ ಬದಲಾಯಿತು. ಅಷ್ಟರಲ್ಲಿ ಬಿಲ್ ಶ್ಯಾಂಕ್ಲಿ ಮ್ಯಾನೇಜರ್ ಆಗಿದ್ದರು. ಮುಂದೆ ಲಿವರ್‌ಪೂಲ್ ತಂಡವನ್ನು ಕಟ್ಟಿದ ಅದೇ ಶ್ಯಾಂಕ್ಲಿ. ಮೈ ತುಂಬಲಿ ಅಂತ ಹುಡುಗನಿಗೆ ಮಾಂಸ, ಹಾಲು ಕೊಡಿಸುತ್ತಿದ್ದರು. 1956ರ ಡಿಸೆಂಬರ್ 24ರಂದು, 16ನೇ ವಯಸ್ಸಿನಲ್ಲಿ, ಲಾ ಮೊದಲ ತಂಡಕ್ಕೆ ಆಡಿದರು. 18ಕ್ಕೆ ಸ್ಕಾಟ್ಲೆಂಡ್ ಅಂಗಿ. 1958ರ ಅಕ್ಟೋಬರಿನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು. ಆ ಗೋಲಿನ ಕಥೆ ತಮಾಷೆಯದು. ವೇಲ್ಸ್ ಆಟಗಾರ ದೂರ ಒದೆಯಲು ಹೋದ ಚೆಂಡು ಲಾ ತಲೆಗೆ ಬಡಿದು ಒಳಗೆ ಹೋಯಿತು. ಲೆಕ್ಕಕ್ಕೆ ಬಂತಲ್ಲ, ಸಾಕು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಜನ ಇಷ್ಟು ಹಚ್ಚಿಕೊಂಡ ಈ ಸ್ಟ್ರೈಕರ್ ಒಂದೇ ಒಂದು ವರ್ಷವೂ ಸ್ಕಾಟ್ಲೆಂಡಿನ ಕ್ಲಬ್ಬಿಗೆ ಆಡಿಲ್ಲ. ಹದಿನೈದಕ್ಕೆ ಊರು ಬಿಟ್ಟವರು ಅಲ್ಲಿಗೆ ಹೋದದ್ದು ದೇಶದ ಪರ ಆಡಲು, ಇಲ್ಲವೇ ಮನೆಯವರನ್ನು ನೋಡಲು.

1960ರ ಮಾರ್ಚಿನಲ್ಲಿ ಮ್ಯಾಂಚೆಸ್ಟರ್ ಸಿಟಿ 55,000 ಪೌಂಡ್ ಕೊಟ್ಟು ಲಾ ಅವರನ್ನು ಕೊಂಡಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗಿನ ದಾಖಲೆ ಬೆಲೆ. ಅಂದರೆ ನಿಮ್ಮ ಲಾ ಮೊದಲು ಸಿಟಿಯವರೇ! ಅಲ್ಲಿದ್ದಾಗಿನ ಒಂದು ಪಂದ್ಯವನ್ನು ಹೇಳದೆ ಮುಂದೆ ಹೋಗಲಾಗದು. 1961ರ ಜನವರಿ 28, ಸೋತವರು ಹೊರಬೀಳುವ ಇಂಗ್ಲೆಂಡಿನ ಎಫ್ಎ ಕಪ್ ಟೂರ್ನಿ, ಲೂಟನ್ ಊರಿನಲ್ಲಿ. ಬಿಡದೆ ಮಳೆ. ಲೂಟನ್ ಮೊದಲು ಎರಡು ಗೋಲು ಹೊಡೆಯಿತು. ಆಮೇಲೆ ಲಾ ಶುರು ಮಾಡಿದರು. ಒಂದು, ಎರಡು, ಮೂರು... ಆರು. ಸಿಟಿಯ ಆರೂ ಗೋಲು ಒಬ್ಬರದೇ. ಸ್ಕೋರು 6-2 ಆಗಿತ್ತು, ಆಟ ಮುಗಿಯಲು ಸುಮಾರು ಇಪ್ಪತ್ತು ನಿಮಿಷ ಇತ್ತು. ಅಷ್ಟರಲ್ಲಿ ಮೈದಾನದಲ್ಲಿ ನೀರು ನಿಂತು ಆಡಲಾಗದು ಅಂತ ರೆಫರಿ ಪಂದ್ಯ ರದ್ದು ಮಾಡಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಆಡಿಸಿದಾಗ ಲೂಟನ್ 3-1ರಿಂದ ಗೆದ್ದಿತು. ಸಿಟಿಯ ಆ ಒಂದು ಗೋಲು ಹೊಡೆದವರೂ ಲಾ. ಒಂದೇ ಎದುರಾಳಿಗೆ ಏಳು ಗೋಲು ಹೊಡೆದು ಕಪ್‌ನಿಂದ ಹೊರಬಿದ್ದ ಇನ್ನೊಬ್ಬನನ್ನು ನಾನು ಕೇಳಿಲ್ಲ. ರದ್ದಾದ ಪಂದ್ಯದ ಗೋಲು ಲೆಕ್ಕಕ್ಕಿಲ್ಲ. ಎಫ್ಎ ಕಪ್‌ನಲ್ಲಿ ಲಾ ಒಟ್ಟು 41 ಗೋಲು ಹೊಡೆದರು. ಮುಂದೆ ಇಯಾನ್ ರಷ್ 44 ಹೊಡೆದು ಅವರನ್ನು ದಾಟಿದರು. ಮಳೆ ಇಪ್ಪತ್ತು ನಿಮಿಷ ತಡೆದಿದ್ದರೆ, ಮತ್ತೆ ಆಡಿಸಿದ ಪಂದ್ಯದ ಆ ಒಂದು ಗೋಲು ಕಳೆದರೂ ಲಾ ಹೆಸರಿನ ಮುಂದೆ 46 ಇರುತ್ತಿತ್ತು. ಆದರೆ ಸಿಟಿ ಮುಂದಿನ ಸುತ್ತಿಗೆ ಹೋಗಿ ಇನ್ನೆಷ್ಟು ಹೊಡೆಯುತ್ತಿದ್ದರೋ, ಅದನ್ನು ನಾವು ಕೂಡಿಸುವಂತಿಲ್ಲ ಬಿಡಿ.

ಅದೇ ಬೇಸಿಗೆಯಲ್ಲಿ ಇಟಲಿಯ ಟೊರಿನೊ ಕ್ಲಬ್ 1,10,000 ಪೌಂಡ್ ಕೊಟ್ಟು ಕರೆದುಕೊಂಡು ಹೋಯಿತು. ಇಂಗ್ಲೆಂಡಿನಲ್ಲಿ ಆಟಗಾರನ ಸಂಬಳಕ್ಕೆ ವಾರಕ್ಕೆ 20 ಪೌಂಡ್ ಮಿತಿ ಇತ್ತು. 1961ರ ಜನವರಿಯಲ್ಲಿ ಅದು ರದ್ದಾಗಿದ್ದರೂ ಇಟಲಿಯ ದುಡ್ಡಿಗೆ ಸಾಟಿ ಇರಲಿಲ್ಲ. ಆದರೆ ಅಲ್ಲಿನ ಆಟ ಇವರಿಗೆ ಒಗ್ಗಲಿಲ್ಲ. ಎಲ್ಲರೂ ಹಿಂದೆ ನಿಂತು ಕಾಯುವ ಆಟ, ಸ್ಟ್ರೈಕರ್‌ಗೆ ಅಂಟಿಕೊಂಡ ಎರಡು ಕಾವಲು. 27 ಲೀಗ್ ಪಂದ್ಯದಲ್ಲಿ 10 ಗೋಲು. ಅಲ್ಲಿನ ಲೆಕ್ಕಕ್ಕೆ ಅದು ಕಮ್ಮಿಯೇನಲ್ಲ. 1962ರ ಫೆಬ್ರವರಿಯಲ್ಲಿ ಜೊತೆಗಾರ ಜೋ ಬೇಕರ್ ಓಡಿಸುತ್ತಿದ್ದ ಕಾರು ಪಲ್ಟಿಯಾಯಿತು. ಬೇಕರ್ ಸಾವಿನ ಬಾಗಿಲು ತಟ್ಟಿ ಬಂದರು, ಲಾ ಸಣ್ಣ ಗಾಯದಲ್ಲಿ ಪಾರಾದರು. ಆಮೇಲೆ ಒಂದು ಕಪ್ ಪಂದ್ಯದಲ್ಲಿ ರೆಫರಿ ಲಾ ಅವರನ್ನು ಹೊರಗೆ ಕಳಿಸಿದರು. ಹಾಗೆ ಮಾಡಲು ತಮ್ಮ ಕೋಚೇ ಸನ್ನೆ ಮಾಡಿದ್ದರು ಅಂತ ಲಾಗೆ ಆಮೇಲೆ ತಿಳಿಯಿತಂತೆ. ತಪ್ಪೇನು? ಕೋಚ್ ಬೇಡ ಅಂದಿದ್ದರೂ ಥ್ರೋ-ಇನ್ ತೆಗೆದುಕೊಂಡದ್ದು, ಅಂದರೆ ಗೆರೆ ದಾಟಿದ ಚೆಂಡನ್ನು ತಾವೇ ಒಳಕ್ಕೆ ಎಸೆದದ್ದು! ಅಲ್ಲಿಗೆ ಸಾಕಾಯಿತು. ಗಂಟುಮೂಟೆ ಕಟ್ಟಿ ಅಬರ್ಡೀನ್‌ಗೆ ಹೊರಟುಬಿಟ್ಟರು.

1962ರ ಜುಲೈಯಲ್ಲಿ ಬಸ್ಬಿ 1,15,000 ಪೌಂಡ್ ಕೊಟ್ಟು ಅವರನ್ನು ಯುನೈಟೆಡ್‌ಗೆ ತಂದರು. ಮತ್ತೆ ಬ್ರಿಟನ್ನಿನ ದಾಖಲೆ. 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಎಂಟು ಆಟಗಾರರನ್ನು ಕಳೆದುಕೊಂಡ ಕ್ಲಬ್ ಅದು. ತಂಡವನ್ನು ಮತ್ತೆ ಕಟ್ಟುವ ಕೆಲಸ ಇನ್ನೂ ನಡೆದಿತ್ತು. ಲಾ ಬಂದ ಮೊದಲ ವರ್ಷ ಲೀಗ್‌ನಲ್ಲಿ ತಂಡ ಹೇಗೆ ಒದ್ದಾಡಿತು ಅಂತ ಮೇಲೆ ಹೇಳಿದೆನಲ್ಲ, ಅದೇ ತಿಂಗಳು ಎಫ್ಎ ಕಪ್ ಫೈನಲ್‌ನಲ್ಲಿ ಲೆಸ್ಟರ್ ತಂಡವನ್ನು 3-1ರಿಂದ ಸೋಲಿಸಿತು. ಮೊದಲ ಗೋಲು ಲಾ ಅವರದು. ಪ್ಯಾಟ್ ಕ್ರೆರಂಡ್ ಕೊಟ್ಟ ಪಾಸು, ಗೋಲಿಗೆ ಬೆನ್ನು, ಗಿರಕಿ ಹೊಡೆದು ಒಂದೇ ಒದೆತ. ದುರಂತದ ನಂತರ ಕ್ಲಬ್ಬಿಗೆ ಬಂದ ಮೊದಲ ದೊಡ್ಡ ಕಪ್ ಅದು.

ಆಟಗಾರನಾಗಿ ಅವರು ಹೇಗಿದ್ದರು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಆರು ಗಜದ ಚೌಕದಲ್ಲಿ ಅವರಷ್ಟು ಬೇಗ ಯೋಚಿಸಿದವರು ಆ ಕಾಲದಲ್ಲಿ ಇರಲಿಲ್ಲ. ಎತ್ತರ ಐದೂ ಮುಕ್ಕಾಲು ಅಡಿ. ಆದರೂ ಆರಡಿಯ ರಕ್ಷಕರ ಮೇಲೆ ಎಗರಿ ಹೆಡ್ ಮಾಡುತ್ತಿದ್ದರು. ಬೇರೆಯವರಿಗಿಂತ ಅರೆಕ್ಷಣ ಮೊದಲೇ ಜಿಗಿಯುತ್ತಿದ್ದರು. ಎಲ್ಲರೂ ಕೆಳಗೆ ಬರುವಾಗ ಇವರಿನ್ನೂ ಗಾಳಿಯಲ್ಲಿ ಇರುತ್ತಿದ್ದರು. ಅಡ್ಡ ಮಲಗಿ ತಲೆಯ ಮೇಲಿಂದ ಒದೆಯುವ ಬೈಸಿಕಲ್ ಕಿಕ್ ಅವರಿಗೆ ಪ್ರದರ್ಶನದ ಆಟವಲ್ಲ, ದಿನದ ಕೆಲಸ. ಯುನೈಟೆಡ್‌ನ ಜೊತೆಗಾರ ಬಾಬಿ ಚಾರ್ಲ್ಟನ್ ದೂರದಿಂದ ಗುಂಡು ಹೊಡೆದಂತೆ ಹೊಡೆಯುತ್ತಿದ್ದರು. ಇನ್ನೊಬ್ಬ ಜೊತೆಗಾರ ಜಾರ್ಜ್ ಬೆಸ್ಟ್ ನಾಲ್ವರನ್ನು ಆಡಿಸಿ ಹೋಗುತ್ತಿದ್ದರು. ಅವರಿಬ್ಬರು ಬಿಟ್ಟದ್ದನ್ನೆಲ್ಲ ಗೋಲಿಗೆ ಸೇರಿಸುವುದು ಲಾ ಪಾಲಿಗೆ ಬರುತ್ತಿತ್ತು.

1963–64ರಲ್ಲಿ ಎಲ್ಲ ಪಂದ್ಯ ಸೇರಿ 46 ಗೋಲು ಹೊಡೆದರು. ಅದೂ ಜಗಳವಾಡಿ 28 ದಿನ ನಿಷೇಧಕ್ಕೆ ಒಳಗಾದ ವರ್ಷದಲ್ಲಿ. ಲೀಗ್‌ನಲ್ಲಿ 30 ಪಂದ್ಯಕ್ಕೆ 30 ಗೋಲು. ಯುನೈಟೆಡ್ ಕ್ಲಬ್ಬಿನಲ್ಲಿ ಆ 46ರ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. 2002–03ರಲ್ಲಿ ರೂಡ್ ವಾನ್ ನಿಸ್ಟಲ್‌ರೂಯ್ 44ಕ್ಕೆ ಬಂದು ನಿಂತರು. ರೊನಾಲ್ಡೊ, ರೂನಿ ಯಾರಿಂದಲೂ ಆಗಲಿಲ್ಲ. ವಿಚಿತ್ರ ನೋಡಿ, ಆ ವರ್ಷ ಯುನೈಟೆಡ್‌ಗೆ ಒಂದು ಕಪ್ ಕೂಡ ಬರಲಿಲ್ಲ. 1964ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಲಾ ಅವರಿಗೆ ಸಂದಿತು. ಅದನ್ನು ಪಡೆದ ಸ್ಕಾಟ್ಲೆಂಡಿನ ಆಟಗಾರ ಇವತ್ತಿಗೂ ಅವರೊಬ್ಬರೇ. ಮುಂದಿನ ವರ್ಷ ಮತ್ತು 1966–67ರಲ್ಲಿ ಲೀಗ್ ಪ್ರಶಸ್ತಿ ಬಂತು.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಯಾರಾದರೂ ಕಾಲಿಗೆ ಒದ್ದರೆ ವಾಪಸು ಕೊಡದೆ ಬಿಡುತ್ತಿರಲಿಲ್ಲ. 1967ರಲ್ಲಿ ಆರ್ಸೆನಲ್ ತಂಡದ ಇಯಾನ್ ಯೂರ್ ಜೊತೆ ಕಿತ್ತಾಡಿ ಇಬ್ಬರೂ ಆರಾರು ವಾರ ಹೊರಗೆ ಕೂತರು. ಯೂರ್ ಕೂಡ ಸ್ಕಾಟ್ಲೆಂಡಿನವರೇ! ಎರಡು ವರ್ಷ ಬಿಟ್ಟು ಅವರೇ ಯುನೈಟೆಡ್‌ಗೆ ಬಂದು ಲಾ ಪಕ್ಕ ಬಟ್ಟೆ ಬದಲಿಸಿಕೊಳ್ಳುತ್ತಿದ್ದರು. ಬಸ್ಬಿ ಜೊತೆಗೂ ಒಮ್ಮೆ ಹಗ್ಗಜಗ್ಗಾಟ ಆಗಿತ್ತು. 1966ರಲ್ಲಿ ಸಂಬಳ ಜಾಸ್ತಿ ಕೇಳಿದ್ದಕ್ಕೆ ಬಸ್ಬಿ ಅವರನ್ನು ಮಾರಾಟದ ಪಟ್ಟಿಗೆ ಹಾಕಿದರು. ಲಾ ಎಲ್ಲರೆದುರು ಕ್ಷಮೆ ಕೇಳಿದರು, ವಿಷಯ ತಣ್ಣಗಾಯಿತು. ಬಸ್ಬಿ ಗುಟ್ಟಾಗಿ ಸಂಬಳ ಏರಿಸಿಯೇ ಇದ್ದರು, ಕ್ಷಮೆಯ ಚೀಟಿಯನ್ನೂ ಅವರೇ ಬರೆಸಿಟ್ಟಿದ್ದರು ಅಂತ ಲಾ ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟರು.

ಆಮೇಲಿನದು ಮೊಣಕಾಲಿನ ಕಥೆ. ಬಲ ಮೊಣಕಾಲಿಗೆ ಹಡರ್ಸ್‌ಫೀಲ್ಡ್‌ನಲ್ಲಿದ್ದಾಗಲೇ ಒಮ್ಮೆ ಆಪರೇಷನ್ ಆಗಿತ್ತು. 1965ರಲ್ಲಿ ಸ್ಕಾಟ್ಲೆಂಡ್ ಪರ ಆಡುವಾಗ ಅದೇ ಕಾಲಿಗೆ ಮತ್ತೆ ಪೆಟ್ಟಾಯಿತು. ಆ ಕಾಲದಲ್ಲಿ ಇದಕ್ಕೆ ಸಿಗುತ್ತಿದ್ದ ಮದ್ದು ಒಂದೇ: ಕಾರ್ಟಿಸೋನ್ ಸೂಜಿ ಚುಚ್ಚಿ ಮೈದಾನಕ್ಕೆ ಕಳಿಸುವುದು. ನೋವು ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. 1968ರ ಮೇ 29ರಂದು ಯುನೈಟೆಡ್ ವೆಂಬ್ಲಿಯಲ್ಲಿ ಬೆನ್ಫಿಕಾ ತಂಡವನ್ನು 4-1ರಿಂದ ಸೋಲಿಸಿ, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಗೆದ್ದಿತು. ಇಂಗ್ಲೆಂಡಿನ ಕ್ಲಬ್ಬೊಂದಕ್ಕೆ ಆ ಕಪ್ ಮೊದಲ ಸಲ ಬಂದದ್ದು ಅವತ್ತೇ. ಲಾ ಆ ಆಟವನ್ನು ನೋಡಿದ್ದು ಮ್ಯಾಂಚೆಸ್ಟರಿನ ಆಸ್ಪತ್ರೆಯ ಹಾಸಿಗೆಯಲ್ಲಿ, ಮೊಣಕಾಲಿನ ಆಪರೇಷನ್‌ಗೆಂದು ಸೇರಿದ್ದಾಗ. 28 ವರ್ಷಕ್ಕೇ ಅವರ ಒಳ್ಳೆಯ ದಿನಗಳು ಮುಗಿಯುತ್ತಾ ಬಂದಿದ್ದವು. 1970ರಲ್ಲಿ ಯುನೈಟೆಡ್ 60,000 ಪೌಂಡ್ ಬೆಲೆ ಕಟ್ಟಿ ಮಾರಲು ಇಟ್ಟರೆ ಕೊಳ್ಳುವವರೇ ಬರಲಿಲ್ಲ. ಅದರ ಮೇಲೂ ಮೂರು ವರ್ಷ ಅಲ್ಲೇ ಆಡಿದರು.

ಈಗ ಪ್ರತಿಮೆಯ ಪ್ರಶ್ನೆ. ಯುನೈಟೆಡ್ ಪರ 404 ಪಂದ್ಯ, 237 ಗೋಲು. ಕ್ಲಬ್ಬಿನ ಪಟ್ಟಿಯಲ್ಲಿ ಇವರಿಗಿಂತ ಮೇಲಿರುವವರು ಇಬ್ಬರೇ: ರೂನಿ 253, ಚಾರ್ಲ್ಟನ್ 249. ಆದರೆ ರೂನಿಗೆ 559 ಪಂದ್ಯ ಬೇಕಾಯಿತು, ಚಾರ್ಲ್ಟನ್‌ಗೆ 758. ಬೆಸ್ಟ್, ಲಾ, ಚಾರ್ಲ್ಟನ್ ಮೂವರೂ ಹೆಗಲಿಗೆ ಕೈ ಹಾಕಿ ನಿಂತ ಪ್ರತಿಮೆ 2008ರಲ್ಲಿ ಬಂತು. ಲಾ ಅವರದೇ ಬೇರೆ ಪ್ರತಿಮೆ ಅದಕ್ಕೂ ಮೊದಲು, 2002ರಲ್ಲೇ, ಓಲ್ಡ್ ಟ್ರಾಫರ್ಡ್‌ನ ಸ್ಟ್ರೆಟ್‌ಫರ್ಡ್ ಎಂಡ್ ಸ್ಟ್ಯಾಂಡಿನಲ್ಲಿ ಬಂದಿತ್ತು. ಮೈದಾನಕ್ಕೆ ನುಗ್ಗಿದ ಜನರಲ್ಲೂ ಲಾ ಮೇಲೆ ಹಗೆ ಇಟ್ಟುಕೊಂಡವರು ಕಡಿಮೆ. ಆ ಗೋಲನ್ನು ಮರೆಯಲಾಗದೆ ಒದ್ದಾಡಿದವರು ಲಾ ಅವರೇ. ಸಂದರ್ಶನಗಳಲ್ಲಿ ಆ ವಿಷಯ ಬಂದಾಗಲೆಲ್ಲ ಮುಖ ಸಪ್ಪಗಾಗುತ್ತಿತ್ತು.

ಕೊನೆಗೆ ಡಾಲ್ಗ್ಲಿಷ್. ಇಬ್ಬರದೂ 30 ಗೋಲು, ಸ್ಕಾಟ್ಲೆಂಡಿನ ಮಟ್ಟಿಗೆ ಅದೇ ಗರಿಷ್ಠ. ಆದರೆ ಲಾ ಆಡಿದ್ದು 55 ಪಂದ್ಯ, ಡಾಲ್ಗ್ಲಿಷ್ 102. ಬರೀ ಗೋಲಿನ ಮಾತಾದರೆ ಇಲ್ಲಿಗೇ ಮುಗಿಯಿತು: ಲಾ. 1962ರಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು, ಮರುವರ್ಷ ನಾರ್ವೆ ವಿರುದ್ಧ ಮತ್ತೆ ನಾಲ್ಕು. ದೇಶದ ಅಂಗಿ ತೊಟ್ಟರೆ ಅವರಿಗೆ ಆವೇಶ ಬರುತ್ತಿತ್ತು, ಅದರಲ್ಲೂ ಎದುರಿಗೆ ಇಂಗ್ಲೆಂಡ್ ಇದ್ದರೆ. 1961ರ ಏಪ್ರಿಲ್ 15ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ 9-3ರಿಂದ ಸೋತಾಗ ಲಾ ತಂಡದಲ್ಲಿದ್ದರು. ಸರಿಯಾಗಿ ಆರು ವರ್ಷದ ಮೇಲೆ, 1967ರ ಏಪ್ರಿಲ್ 15ರಂದು, ಅದೇ ವೆಂಬ್ಲಿ. ಇಂಗ್ಲೆಂಡ್ ಆಗ ವಿಶ್ವ ಚಾಂಪಿಯನ್. ಹಿಂದಿನ ವರ್ಷ ಅವರು ವಿಶ್ವಕಪ್ ಫೈನಲ್ ಆಡುತ್ತಿದ್ದಾಗ ಲಾ ಅದನ್ನು ನೋಡಲೂ ಮನಸ್ಸಿಲ್ಲದೆ ಗಾಲ್ಫ್ ಆಡಲು ಹೋಗಿದ್ದರು. ಈ ಸಲ ಮೊದಲ ಗೋಲು ಅವರದೇ, ಸ್ಕಾಟ್ಲೆಂಡ್ 3-2ರಿಂದ ಗೆದ್ದಿತು. ಮುಂದಿದ್ದಾಗ ಜಿಮ್ ಬ್ಯಾಕ್ಸ್‌ಟರ್ ಚೆಂಡನ್ನು ಕಾಲ ಮೇಲೆ ಕುಣಿಸುತ್ತಾ ಇಂಗ್ಲೆಂಡಿನವರನ್ನು ಅಣಕಿಸಿದರು. ಲಾಗೆ ಅದು ಹಿಡಿಸಲಿಲ್ಲ. ಅವರಿಗೆ ಅಣಕ ಬೇಡ, ಗೋಲು ಬೇಕು. 9-3ರ ಸಾಲ ಬಡ್ಡಿ ಸಮೇತ ತೀರಿಸಬೇಕಿತ್ತು.

ಡಾಲ್ಗ್ಲಿಷ್ ಪರವಾಗಿ ಹೇಳುವುದೂ ಇದೆ. ಅವರು ತಾವೇ ಹೊಡೆಯುವುದಕ್ಕಿಂತ ಬೇರೆಯವರಿಂದ ಹೊಡೆಸುವುದರಲ್ಲಿ ನಿಪುಣರು. ಸ್ವಲ್ಪ ಹಿಂದೆ ನಿಂತು ಆಟವನ್ನು ಹೆಣೆಯುತ್ತಿದ್ದರು. ಸೆಲ್ಟಿಕ್‌ನಲ್ಲೂ ಲಿವರ್‌ಪೂಲ್‌ನಲ್ಲೂ ಗೆದ್ದರು, ಮೂರು ಸಲ ಯುರೋಪಿಯನ್ ಕಪ್ ಎತ್ತಿದರು. ಪೂರ್ತಿ ಆಟಗಾರ ಯಾರು ಅಂತ ಕೇಳಿದ್ದರೆ ನಾನು ಡಾಲ್ಗ್ಲಿಷ್ ಅನ್ನುತ್ತಿದ್ದೆನೋ ಏನೋ. ನೀವು ಕೇಳಿದ್ದು ಗೋಲುಗಾರ ಯಾರು ಅಂತ.

ಲಾ ಪಾಲಿಗೆ ಬಾರದೇ ಹೋದದ್ದು ವಿಶ್ವಕಪ್. ಅವರ ಕಾಲು ಗಟ್ಟಿಯಿದ್ದಾಗ, 1962 ಮತ್ತು 1966ರಲ್ಲಿ, ಸ್ಕಾಟ್ಲೆಂಡ್ ಅರ್ಹತೆಯನ್ನೇ ಪಡೆಯಲಿಲ್ಲ. ಕೊನೆಗೆ ಅವಕಾಶ ಬಂದದ್ದು 1974ರಲ್ಲಿ, ಆ ಹಿಮ್ಮಡಿ ಗೋಲಿನ ಏಳು ವಾರದ ನಂತರ. ಪಶ್ಚಿಮ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಆಫ್ರಿಕಾದ ಜಾಯಿರ್ (ಇಂದಿನ ಡಿಆರ್ ಕಾಂಗೊ) ವಿರುದ್ಧ ಆಡಿದರು. ಸ್ಕಾಟ್ಲೆಂಡ್ 2-0ರಿಂದ ಗೆದ್ದಿತು, ಲಾ ಗೋಲು ಹೊಡೆಯಲಿಲ್ಲ. ಉಳಿದ ಪಂದ್ಯಗಳಿಗೆ ಅವರನ್ನು ಇಳಿಸಲಿಲ್ಲ. ಸ್ಕಾಟ್ಲೆಂಡ್ ಒಂದೂ ಪಂದ್ಯ ಸೋಲದೆ, ಗೋಲು ವ್ಯತ್ಯಾಸದಿಂದ ಮನೆಗೆ ಬಂತು. ಆಗಸ್ಟಿನಲ್ಲಿ ಲಾ ನಿವೃತ್ತಿ ಹೇಳಿದರು. ಜಾಯಿರ್ ವಿರುದ್ಧದ ಆ ಪಂದ್ಯದಲ್ಲಿ ಸ್ಕಾಟ್ಲೆಂಡ್ ಪರ ಅವರ ಜೊತೆ 23ರ ಹುಡುಗನೊಬ್ಬ ಆಡಿದ್ದ, ಕೆನ್ನಿ ಡಾಲ್ಗ್ಲಿಷ್. ಲಾ ಲೆಕ್ಕವನ್ನು ಸರಿಗಟ್ಟಲು ಆತನಿಗೆ ಅಲ್ಲಿಂದ ಇನ್ನೂ ಹತ್ತು ವರ್ಷ ಹಿಡಿಯಿತು. 1984ರ ನವೆಂಬರಿನಲ್ಲಿ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಪೇನ್ ವಿರುದ್ಧ ಎಡಗಾಲಿನಿಂದ ಹೊಡೆದ ಮೂವತ್ತನೆಯ ಗೋಲು ನೋಡುವಂಥದ್ದು, ಹುಡುಕಿ ನೋಡಿ. ಮೂವತ್ತೊಂದನೆಯದು ಅವರಿಗೂ ಬರಲಿಲ್ಲ. 2025ರ ಜನವರಿ 17ರಂದು, 84ನೇ ವಯಸ್ಸಿನಲ್ಲಿ ಲಾ ತೀರಿಕೊಂಡಾಗಲೂ ಆ ದಾಖಲೆ ಇಬ್ಬರ ಹೆಸರಿನಲ್ಲೇ ಇತ್ತು.